ಉಳಿದ ಏಳು ಸ್ಕ್ರೂ

ಅಗ್ಗ, ನಿಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದು ಅಂತ ಅಂಗಡಿಯವರು ಹೇಳಿದ್ದನ್ನ ನಂಬಿ, ಅಡುಗೆಮನೆಗೆ ಸಿದ್ಧ ಪೆಟ್ಟಿಗೆಗಳ ಮಾಡ್ಯುಲರ್ ಕಿಚನ್ ತಂದು ನಾನೇ ಜೋಡಿಸಿದೆ. ಇವತ್ತು ಬೆಳಿಗ್ಗೆ ಕೊನೇ ಡ್ರಾಯರ್ ಕೂರಿಸಿ, ದೇವರಿಗೆ ಕೈಮುಗಿದು ಎಳೆದೆ. ಅರ್ಧ ಬಂದು ನಿಂತಿತು. ಹಿಡಿಕೆ ಬಾಗಿಲ ಚೌಕಟ್ಟಿಗೆ ತಗಲುತ್ತಿದೆ! ಕಂಪ್ಯೂಟರಿನ ತ್ರೀಡಿ ಚಿತ್ರದಲ್ಲಿ ಇದೇ ಡ್ರಾಯರ್ ನವಿಲುಗರಿಯ ಹಾಗೆ ಬಿಚ್ಚಿಕೊಳ್ಳುತ್ತಿತ್ತಲ್ಲ? ಆ ಚಿತ್ರದಲ್ಲಿ ಚೌಕಟ್ಟೇ ಇರಲಿಲ್ಲ ಅಂತ ಈಗ ಹೊಳೀತು.

ನಮ್ಮ ಗೋಡೆ 2,370 ಮಿಲಿಮೀಟರ್. 600ರ ಮೂರು ಪೆಟ್ಟಿಗೆ, 450ರದ್ದೊಂದು. ಉಳಿದ 120ಕ್ಕೆ ಏನು? 'ಸಂದು ಮುಚ್ಚೋಕೆ ಫಿಲ್ಲರ್ ಪಟ್ಟಿ ಹಾಕಿ ಸರ್' ಅಂತಾರೆ ಅಂಗಡಿಯವರು. ಅಂದರೆ ಜಿರಳೆಗಳಿಗೆ ಬಾಡಿಗೆಯಿಲ್ಲದ ಮನೆ. ಗೋಡೆಯಾದರೂ ನೆಟ್ಟಗಿದೆಯಾ? 30 ವರ್ಷದ ಹಿಂದೆ ಮೇಸ್ತ್ರಿ ಕಣ್ಣಳತೆಯಲ್ಲೇ ಎಬ್ಬಿಸಿದ್ದು. ಈ ತುದಿಗೂ ಆ ತುದಿಗೂ ಮಾತುಕತೆಯೇ ಇಲ್ಲ.

ಅಗ್ಗವಂತೆ! ಪೆಟ್ಟಿಗೆ ಅಗ್ಗ. ಬಾಗಿಲು ಬೇರೆ, ಹಿಂಜು ಬೇರೆ, ಕಾಲು ಬೇರೆ, ಹಿಡಿಕೆ ಬೇರೆ, ಸದ್ದಿಲ್ಲದೆ ಮುಚ್ಚಬೇಕಾದರೆ ಅದಕ್ಕೂ ಬೇರೆ. 'ನಿಮಗೆ ಬೇಕಾದ ಹಾಗೆ' ಅನ್ನುತ್ತಾರೆ. ಬಿಳಿ ಬಣ್ಣದಲ್ಲೇ ಹದಿನಾಲ್ಕು ಬಗೆ ತೋರಿಸುತ್ತಾರೆ, 14.2 ಕೆಜಿ ಸಿಲಿಂಡರ್ ಹಿಡಿಸುವ ಒಂದೇ ಒಂದು ಖಾನೆ ಕೊಡಲ್ಲ. ಗ್ರೈಂಡರ್ ಎಲ್ಲಿಡಲಿ, ತಲೆ ಮೇಲಾ? ಅಮ್ಮನ ಕಾಲದ ಕಡಪ ಕಲ್ಲಿನ ಕಟ್ಟೆ ಒಡೆಸಿದ್ದು ಈ ಒತ್ತಿದ ಮರದ ಹೊಟ್ಟಿಗಾ? ಸಿಂಕಿನಿಂದ ಒಂದು ವಾರ ನೀರು ತೊಟ್ಟಿಕ್ಕಿದರೆ ಸಾಕು, ಪೂರಿ ಥರ ಉಬ್ಬುತ್ತೆ.

ಅಂದ ಹಾಗೆ, ಎಲ್ಲಾ ಜೋಡಿಸಿದ ಮೇಲೆ ಏಳು ಸ್ಕ್ರೂ ಉಳಿದಿವೆ. ಎಲ್ಲಿಯವು ಅಂತ ಯಾರನ್ನ ಕೇಳಲಿ? ಹೆಂಡತಿ ಆಗಲೇ ಮೇಲಿನ ಕಪಾಟಿಗೆ ಸ್ಟೀಲ್ ಡಬ್ಬಿ ತುಂಬುತ್ತಿದ್ದಾಳೆ.