ಬೇಕಾಗಿದ್ದಾರೆ: ಪಾಲಕ ಸಂತರು

ನಾಡನ್ನೋ ಊರನ್ನೋ ಮೇಲಿನಿಂದ ಕಾಯುತ್ತಾನೆಂದು ಕ್ರೈಸ್ತರು ನಂಬುವ ಪಾಲಕ ಸಂತನನ್ನು ಆರಿಸುವುದಿದೆಯಲ್ಲ, ಅದರಷ್ಟು ಸಲೀಸಾದ ನೇಮಕಾತಿ ಇನ್ನೊಂದಿಲ್ಲ. ಸಂಬಳ ಕೊಡಬೇಕಾಗಿಲ್ಲ, ನಿವೃತ್ತಿ ವಯಸ್ಸಿನ ಗೊಡವೆಯಿಲ್ಲ, ಅಭ್ಯರ್ಥಿಯ ಒಪ್ಪಿಗೆಯನ್ನಂತೂ ಯಾರೂ ಕೇಳುವುದಿಲ್ಲ. ಕನಿಷ್ಠ ಅರ್ಹತೆ ಒಂದೇ: ಸತ್ತಿರಬೇಕು. ಪವಾಡ ಗಿವಾಡ ಎಲ್ಲ ಆಮೇಲಿನ ಮಾತು.

ಎರಡನೆಯ ಅರ್ಹತೆಯನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಹಳೆಯ ಕಡತ ತಿರುವಿದರೆ ಎದ್ದು ಕಾಣುತ್ತದೆ. ಅಭ್ಯರ್ಥಿ ಹೊರಗಿನವನಾಗಿದ್ದರೆ ಒಳ್ಳೆಯದು. ಹಿತ್ತಲ ಗಿಡ ಮದ್ದಲ್ಲವೆಂಬುದು ಇಂಗ್ಲೆಂಡಿನವರಿಗೂ ಗೊತ್ತು. ಅವರಿಗೆ 869ರಲ್ಲಿ ಡೇನರ ಕೈಯಲ್ಲಿ ಪ್ರಾಣ ಬಿಟ್ಟ ಎಡ್ಮಂಡ್ ಎಂಬ ಸ್ವಂತ ರಾಜನೇ ಸಂತನಾಗಿ ಸಿಕ್ಕಿದ್ದ. ಅವನನ್ನು ಪಕ್ಕಕ್ಕೆ ಸರಿಸಿ, ಆ ನೆಲಕ್ಕೆ ಕಾಲಿಟ್ಟೇ ಇರದ ಜಾರ್ಜನನ್ನು ಕೂರಿಸಿದರು. ಜಾರ್ಜನಿಗೆ ಜಾರ್ಜಿಯಾ, ಕ್ಯಾಟಲೋನಿಯಾಗಳ ಹೆಚ್ಚುವರಿ ಹೊಣೆಯೂ ಇದೆ. ಸ್ಕಾಟ್ಲೆಂಡಿನವರು ಯೇಸುವಿನ ಶಿಷ್ಯ, ಗಲಿಲೇಯದ ಬೆಸ್ತ ಅಂದ್ರೆಯನನ್ನು ಹಿಡಿದರು. ಐರ್ಲೆಂಡಿನ ಪ್ಯಾಟ್ರಿಕ್ ಬ್ರಿಟನ್ನಿನಿಂದ ಗುಲಾಮನಾಗಿ ಹೊತ್ತು ತಂದ ಹುಡುಗ. ತಪ್ಪಿಸಿಕೊಂಡು ಓಡಿದವನು ಮತ್ತೆ ತಾನಾಗಿಯೇ ಬಂದ. ಗೆದ್ದ ಈ ಮೂವರಲ್ಲಿ ತನ್ನ ಕ್ಷೇತ್ರವನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ವೇಲ್ಸ್‌ನವರು ಮಾತ್ರ ಸ್ವಂತ ನೆಲದ ಡೇವಿಡ್‌ನನ್ನೇ ಇಟ್ಟುಕೊಂಡಿದ್ದಾರೆ. ಪಾಪ, ಅವರಿಗೆ ಆಮದಿನ ರುಚಿ ಹತ್ತಿಲ್ಲ.

ವೆನಿಸ್‌ನವರಿಗೆ ತಿಯೊಡೋರ್ ಎಂಬ ಸಂತನಿದ್ದ. ವ್ಯಾಪಾರ ಕುದುರಿದ ಮೇಲೆ ಆ ದರ್ಜೆಯ ಸಂತ ಸಾಲದೆಂದು ಅನಿಸಿತು. 828ರಲ್ಲಿ ಅವರ ವರ್ತಕರು ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ಸುವಾರ್ತೆ ಬರೆದ ಮಾರ್ಕನ ಅಸ್ಥಿಯನ್ನೇ ಕದ್ದು ಹಡಗು ಹತ್ತಿಸಿದರು. ಅಲ್ಲಿನ ಮುಸ್ಲಿಂ ಸುಂಕದವರು ಹತ್ತಿರ ಬಾರದಿರಲೆಂದು ಮೇಲೆ ಹಂದಿ ಮಾಂಸ ಹೊದಿಸಿದ್ದರಂತೆ. ಮುಚ್ಚಿಡುವುದಿರಲಿ, ಆ ಕತೆಯನ್ನು ಸೇಂಟ್ ಮಾರ್ಕ್ ಬೆಸಿಲಿಕಾದ ಗೋಡೆಯ ಮೇಲೆ ಬಣ್ಣದ ಹರಳುಗಳಲ್ಲಿ ಚಿತ್ರವಾಗಿ ಮೂಡಿಸಿದರು. ಕಳ್ಳತನದ ಸಾಕ್ಷ್ಯವನ್ನು ಕಳ್ಳರೇ ಕೈಯಿಂದ ದುಡ್ಡು ಹಾಕಿ ಗೋಡೆಗೆ ಅಂಟಿಸಿದ ಪ್ರಕರಣ ಇದು. ಮಾಜಿ ತಿಯೊಡೋರನನ್ನು ನೀರಿನಂಚಿನ ಎತ್ತರದ ಕಂಬವೊಂದರ ಮೇಲೆ ಮೊಸಳೆಯ ಜೊತೆ ನಿಲ್ಲಿಸಿದ್ದಾರೆ. ಮಾರ್ಗದರ್ಶಕ ಮಂಡಳಿ ಅಂದರೆ ಹೀಗೇ ಇರಬೇಕು.

ಈ ನೇಮಕಾತಿಗೆ ಕಾನೂನಿನ ಮರ್ಯಾದೆ ತಂದುಕೊಟ್ಟವರು ನೇಪಲ್ಸ್‌ನವರು. 1527ರಲ್ಲಿ ಒಂದು ಕಡೆ ಪ್ಲೇಗು, ಇನ್ನೊಂದು ಕಡೆ ಯುದ್ಧ, ಪಕ್ಕದಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಭಯ. ನೋಟರಿಯನ್ನು ಕರೆಸಿ ಸಂತ ಜೆನ್ನಾರೊ ಜೊತೆ ಕರಾರು ಪತ್ರವನ್ನೇ ಬರೆಸಿಬಿಟ್ಟರು: ನೀನು ನಮ್ಮನ್ನು ಕಾಪಾಡು, ನಿನಗೊಂದು ಪ್ರಾರ್ಥನಾಲಯ ಕಟ್ಟಿಸಿಕೊಡುತ್ತೇವೆ. ಎದುರು ಪಾರ್ಟಿ ತೀರಿಕೊಂಡು ಅಷ್ಟೊತ್ತಿಗೆ ಹನ್ನೆರಡು ಶತಮಾನ ಆಗಿತ್ತು. ಅವನ ಪರವಾಗಿ ರುಜು ಯಾರದೆಂದು ಕೇಳಬೇಡಿ. ಕಟ್ಟಡದ ಕೆಲಸ ಶುರುವಾಗಿದ್ದು 1608ರಲ್ಲಿ. ಸಂತ ಮಾತ್ರ ಮೊದಲ ದಿನದಿಂದಲೇ ಡ್ಯೂಟಿಗೆ ಹಾಜರಿರಬೇಕು, ಗುತ್ತಿಗೆ ಕೊಟ್ಟವರು ಎಂಬತ್ತು ವರ್ಷ ತಡ ಮಾಡಿದರೂ ಕೇಳುವವರಿಲ್ಲ.

ಜೆನ್ನಾರೊನ ರಕ್ತ ಎಂದು ನಂಬಲಾದ ಗಡ್ಡೆಯೊಂದನ್ನು ಗಾಜಿನ ಕುಪ್ಪಿಯಲ್ಲಿಟ್ಟು ವರ್ಷಕ್ಕೆ ಮೂರು ಸಲ ಜನರೆದುರು ತರುತ್ತಾರೆ. ಕರಗಿದರೆ ಊರಿಗೆ ಕ್ಷೇಮ. ತಡವಾಯಿತೋ, 'ಸಂತನ ನೆಂಟರು' ಎನಿಸಿಕೊಂಡ ಮುದುಕಿಯರು ಬೇಡುವುದನ್ನು ಬಿಟ್ಟು ಬೈಯಲು ಶುರುಮಾಡುತ್ತಾರೆ. "ಹಳದಿ ಮೂತಿಯವನೇ" ಎಂಬುದು ಪ್ರಸಿದ್ಧ ಬೈಗುಳ. ಅವನ ಬೆಳ್ಳಿಯ ಪ್ರತಿಮೆಗೆ ಚಿನ್ನದ ಮೆರುಗು ಕೊಟ್ಟಿರುವುದರಿಂದ ಅದು ಆಧಾರರಹಿತ ಆರೋಪವೂ ಅಲ್ಲ. ಬದುಕಿರುವ ಜನಪ್ರತಿನಿಧಿಗಳನ್ನು ಯಾರಾದರೂ ಹೀಗೆ ಮುಖಕ್ಕೆ ಮುಖ ಕೊಟ್ಟು ವಿಚಾರಿಸಿಕೊಂಡದ್ದುಂಟೇ?

1799ರಲ್ಲಿ ಅವನ ಗ್ರಹಚಾರ ಕೆಟ್ಟಿತು. ಫ್ರೆಂಚ್ ಸೈನ್ಯ ಊರು ಹಿಡಿದಿತ್ತು. ಸಂತ ಸಿಟ್ಟಿನಿಂದ ರಕ್ತವನ್ನು ಗಟ್ಟಿಯಾಗಿಯೇ ಉಳಿಸಿಯಾನು ಎಂದು ರಾಜನ ಕಡೆಯವರು ಕಾದರೆ, ಅದು ಫ್ರೆಂಚ್ ಸೇನಾಧಿಕಾರಿಗಳ ಕಣ್ಣೆದುರೇ ನೀರಾಯಿತು. ಪಕ್ಷಾಂತರ! ರಾಜನ ಪಡೆ ಊರನ್ನು ಮರಳಿ ಹಿಡಿದದ್ದು ಜೂನ್ 13ರಂದು, ಪಡುವಾದ ಅಂತೋಣಿಯ ಹಬ್ಬದ ದಿನ. ಜೆನ್ನಾರೊ ಕುರ್ಚಿ ಹೋಯಿತು, ಅಂತೋಣಿ ಬಂದ. ಕೆಲವು ವರ್ಷ ಕಳೆದು ಸಿಟ್ಟಿಳಿದ ಮೇಲೆ ಹಳಬನನ್ನೇ ಕರೆತಂದರು. ಈಗ ಅವನ ಕೈಕೆಳಗೆ ಐವತ್ತಕ್ಕೂ ಹೆಚ್ಚು ಸಹಪಾಲಕರಿದ್ದಾರೆ. 2020ರ ಡಿಸೆಂಬರ್‌ನಲ್ಲಿ ರಕ್ತ ಕರಗಲಿಲ್ಲ. ಆ ವರ್ಷ ಯಾವ ಕಚೇರಿಯಲ್ಲಿ ತಾನೇ ಕೆಲಸ ನಡೆದಿತ್ತು, ಬಿಡಿ.

ಸ್ಪೇನಿನಲ್ಲಿ ಎದ್ದದ್ದು ಉಪ ಹುದ್ದೆಯ ಜಗಳ. 1627ರಲ್ಲಿ ಪೋಪ್ ಎಂಟನೇ ಅರ್ಬನ್ ಅವರು ಹಳೆಯ ಪಾಲಕ ಸಂತಿಯಾಗೊ ಜೊತೆಗೆ ಆವಿಲಾದ ತೆರೇಸಾಳನ್ನೂ ಪಾಲಕಿ ಎಂದು ಒಪ್ಪಿದರು. ಕುದುರೆಯೇರಿ ಕತ್ತಿ ಝಳಪಿಸುವವನ ಪಕ್ಕದಲ್ಲಿ ಒಬ್ಬ ಸನ್ಯಾಸಿನಿಯೇ, ನಾಳೆ ಯುದ್ಧ ಬಂದರೆ ಗತಿಯೇನು ಎಂದು ಗದ್ದಲವೋ ಗದ್ದಲ. 1630ಕ್ಕೆ ಆದೇಶ ವಾಪಸ್. ಈ ಸಂತಿಯಾಗೊ ಅಂದರೆ ಯೇಸುವಿನ ಶಿಷ್ಯ ಯಾಕೋಬ, ಅವನೂ ಬೆಸ್ತ. ಬದುಕಿದ್ದಾಗ ಅವನು ಕತ್ತಿ ಹಿಡಿದ ಮಾತು ಬೈಬಲಿನಲ್ಲಿಲ್ಲ, ಕತ್ತಿಯಿಂದ ಸತ್ತ ಮಾತಿದೆ.

ಅದೇ ಪೋಪ್ ಅದೇ 1630ರಲ್ಲಿ ಆಯ್ಕೆಗೊಂದು ಪದ್ಧತಿ ಗೊತ್ತುಮಾಡಿದರು. ಜನ ಗುಪ್ತ ಮತದಿಂದ ಆರಿಸಬೇಕು, ಬಿಷಪ್ಪರೂ ಪಾದ್ರಿಗಳೂ ಒಪ್ಪಬೇಕು, ಕೊನೆಗೆ ರೋಮ್ ಮುದ್ರೆಯೊತ್ತಬೇಕು. ಹೈಕಮಾಂಡ್ ಎಲ್ಲ ಕಾಲದಲ್ಲೂ ಇತ್ತು. ಸತ್ತವರು ಬಂದು ಮತ ಹಾಕಿ ಹೋಗುವ ಚುನಾವಣೆಗಳ ಸುದ್ದಿ ಕೇಳಿದ್ದೇವೆ. ಸತ್ತವರೇ ಗೆಲ್ಲಬೇಕೆಂಬ ನಿಯಮ ಇರುವುದು ಇಲ್ಲಿ ಮಾತ್ರ.

ಇಡೀ ಯುರೋಪಿಗೆ ಸೇರಿ 1964ರಲ್ಲಿ ಬೆನೆಡಿಕ್ಟ್ ಒಬ್ಬನೇ ಇದ್ದ. ಪೂರ್ವ ಭಾಗಕ್ಕೆ ಅನ್ಯಾಯವಾಗಬಾರದೆಂದು 1980ರಲ್ಲಿ ಸಿರಿಲ್, ಮೆಥೋಡಿಯಸ್ ಬಂದರು. ಅಣ್ಣತಮ್ಮಂದಿರು, ಒಂದೇ ಮನೆಗೆ ಎರಡು ಸ್ಥಾನ. 1999ರಲ್ಲಿ ಸ್ವೀಡನ್ನಿನ ಬ್ರಿಜಿಟ್, ಸಿಯೆನಾದ ಕ್ಯಾಥರೀನ್, ಎಡಿತ್ ಸ್ಟೈನ್ ಸೇರಿ ಮಹಿಳಾ ಮೀಸಲಾತಿಯೂ ಭರ್ತಿಯಾಯಿತು. ಪ್ರದೇಶವಾರು ಲೆಕ್ಕ ಸರಿ, ಗಂಡು ಹೆಣ್ಣು ಸಮಸಮ. ಯಾವ ಸಂಪುಟ ವಿಸ್ತರಣೆಯೂ ಇಷ್ಟು ಅಚ್ಚುಕಟ್ಟಾಗಿ ಮುಗಿದದ್ದಿಲ್ಲ. ಖಾತೆ ಹಂಚಿಕೆಯೊಂದೇ ಬಾಕಿ. ಹೊಳೆ ಉಕ್ಕಿದರೆ ಯಾರು, ಬ್ಯಾಂಕು ಮುಳುಗಿದರೆ ಯಾರು ಎಂದು ಯಾವ ಆದೇಶದಲ್ಲೂ ಇಲ್ಲ. ಬೈಯುವುದಕ್ಕಾದರೂ ಒಬ್ಬರ ಹೆಸರು ಖಚಿತವಾಗಿ ಗೊತ್ತಿರಬೇಡವೇ? ಆರು ಜನರನ್ನೂ ಸರದಿಯಂತೆ ವಿಚಾರಿಸಿಕೊಳ್ಳುವಷ್ಟು ಉಸಿರು ನೇಪಲ್ಸ್‌ನ ಆ ಮುದುಕಿಯರಿಗೂ ಇರಲಿಕ್ಕಿಲ್ಲ.