‘ಇತರೆ ಸಾಮಾನು’ ಎಂದು ಮಾತ್ರ ಬರೆಯಬೇಡಿ

ಮನೆ ಸಾಮಾನನ್ನೆಲ್ಲ ಹಡಗಿಗೆ ಹಾಕಿ ಬೇರೆ ದೇಶಕ್ಕೆ ಹೋದ ಯಾರನ್ನಾದರೂ ಕೇಳಿ ನೋಡಿ. ಮೊದಲು ಕಸ್ಟಮ್ಸ್‌ನವರಿಗೆ ಬೈಯುತ್ತಾರೆ. ನಾನೂ ಬೈದವಳೇ. ತಿಂಗಳುಗಟ್ಟಲೆ ಬೈದೆ. ಈಗ ನನ್ನ ಸಿಟ್ಟೆಲ್ಲ ಒಂದೇ ಒಂದು ಪದದ ಮೇಲೆ. ‘ಇತರೆ’.

ನಮ್ಮದು ಒಟ್ಟು 62 ಪೆಟ್ಟಿಗೆ. ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂದು ಕಸ್ಟಮ್ಸ್‌ನವರಿಗೆ ತೋರಿಸುವ ಪಟ್ಟಿಯಲ್ಲಿ 47ನೇ ಪೆಟ್ಟಿಗೆಯ ಮುಂದೆ ಪ್ಯಾಕಿಂಗ್ ಹುಡುಗ ‘ಇತರೆ ಸಾಮಾನು’ ಎಂದು ಬರೆದಿದ್ದ. ಅವನದೇನೂ ತಪ್ಪಿಲ್ಲ ಬಿಡಿ. ಕತ್ತಲಾಗುತ್ತಿತ್ತು, ಲಾರಿ ಹೊರಗೆ ಕಾಯುತ್ತಿತ್ತು, ‘ಬೇಗ ಮುಗಿಸಪ್ಪಾ’ ಎಂದು ಅವಸರ ಮಾಡಿದ್ದು ನಾವೇ. ಮನೆ ಖಾಲಿ ಮಾಡುವಾಗ ಕೊನೆಗೆ ಮೂಲೆಯಲ್ಲಿ ಏನೇನೋ ಉಳಿದಿರುತ್ತದಲ್ವಾ, ಅದನ್ನೆಲ್ಲ ಬಾಚಿ ಆ ಪೆಟ್ಟಿಗೆಗೆ ತುಂಬಿದ್ದೆವು.

ಕಸ್ಟಮ್ಸ್‌ನವರು ಅದನ್ನು ಬಿಚ್ಚಿ ನೋಡಬೇಕೆಂದರು. ಆ ಒಂದು ಪೆಟ್ಟಿಗೆಗಾಗಿ ಉಳಿದ 61 ಪೆಟ್ಟಿಗೆಗಳೂ ಬಂದರಿನ ಗೋದಾಮಿನಲ್ಲಿ ಕೂತವು. ನಾವು ಖಾಲಿ ಮನೆಯಲ್ಲಿ ನೆಲದ ಮೇಲೆ ಮಲಗಿದೆವು. ಪೆಟ್ಟಿಗೆ ಬಿಚ್ಚಿದ ಕೂಲಿ, ಮತ್ತೆ ಕಟ್ಟಿದ ಕೂಲಿ, ಗೋದಾಮಿನ ದಿನದ ಬಾಡಿಗೆ, ಎಲ್ಲ ನಮ್ಮ ತಲೆಗೇ ಬಂತು. ‘ಬಿಚ್ಚಿದ್ದು ಅವರು, ದುಡ್ಡು ನಾವ್ಯಾಕೆ ಕೊಡಬೇಕು?’ ಎಂದು ಏಜೆಂಟ್ ಹತ್ತಿರ ಜಗಳಕ್ಕೇ ನಿಂತೆ. ಬಹಳಷ್ಟು ದೇಶಗಳಲ್ಲಿ ನಡೆಯುವುದೇ ಹಾಗಂತೆ. ತಪಾಸಣೆ ಅವರದು, ಖರ್ಚು ಸಾಮಾನಿನವರದು.

ಸಿಟ್ಟು ಇಳಿದ ಮೇಲೆ ಕೂತು ಯೋಚಿಸಿದೆ. ಅಲ್ಲಿ ಕೂತಿರುವ ಅಧಿಕಾರಿ ನಮ್ಮ ಮನೆಯನ್ನು ಯಾವತ್ತೂ ನೋಡಿಲ್ಲ. ನಾವು ಯಾರು, ಎಂಥವರು ಅಂತ ಗೊತ್ತಿಲ್ಲ. ಅವರ ಪಾಲಿಗೆ ನಮ್ಮ ಮನೆ ಅಂದ್ರೆ ಆ ನಾಲ್ಕು ಹಾಳೆಯ ಪಟ್ಟಿ, ಅಷ್ಟೇ. ಅದರಲ್ಲಿ ಒಂದು ಸಾಲು ‘ಇದರೊಳಗೆ ಏನಿದೆಯೋ ನಮಗೂ ಗೊತ್ತಿಲ್ಲ’ ಅಂದರೆ ಅವರು ಯಾವ ಪೆಟ್ಟಿಗೆಯನ್ನು ತೆರೆಯಬೇಕು ಹೇಳಿ? ನಾನಾಗಿದ್ದರೂ ಅದನ್ನೇ ತೆರೆಯುತ್ತಿದ್ದೆ.

ವಾಸ ಬದಲಿಸಿ ಬರುವವರು ಬಳಸಿದ ಮನೆ ಸಾಮಾನು ತಂದರೆ ಹೆಚ್ಚಿನ ದೇಶಗಳು ಸುಂಕ ಹಾಕುವುದಿಲ್ಲ. ಇದು ಒಳ್ಳೆಯ ವಿಷಯ. ಆದರೆ ಅದು ರಿಯಾಯಿತಿ, ನಮ್ಮ ಹಕ್ಕೇನಲ್ಲ. ಷರತ್ತುಗಳಿರುತ್ತವೆ. ಯುರೋಪಿಯನ್ ಒಕ್ಕೂಟದ 2009ರ ನಿಯಮವನ್ನೇ ನೋಡಿ. ನೀವು ಕನಿಷ್ಠ 12 ತಿಂಗಳು ಒಕ್ಕೂಟದ ಹೊರಗೆ ವಾಸ ಮಾಡಿರಬೇಕು. ಸಾಮಾನನ್ನು ಹಳೆಯ ಮನೆಯಲ್ಲಿ ಕನಿಷ್ಠ 6 ತಿಂಗಳು ಬಳಸಿರಬೇಕು. ಹೊಸ ಊರಿಗೆ ಬಂದು 12 ತಿಂಗಳೊಳಗೆ ಸಾಮಾನು ತರಿಸಬೇಕು. ತರಿಸಿದ ಮೇಲೂ 12 ತಿಂಗಳು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಅಡ ಇಡುವಂತಿಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಒಂದು ವರ್ಷ ಬಳಸಿದ ಸಾಮಾನು ಎಂಬ ಲೆಕ್ಕ ಇದೆ. ಬ್ರಿಟನ್ನಿನಲ್ಲಿ ಮೊದಲೇ ಅರ್ಜಿ ಹಾಕಿ ಒಂದು ನಂಬರ್ ಪಡೆಯಬೇಕು. ಅದಿಲ್ಲದೆ ರಿಯಾಯಿತಿ ಇಲ್ಲ. ಕೆನಡಾಕ್ಕೆ ನೆಲೆಸಲು ಹೋಗುವವರು ಕೈಯಲ್ಲಿ ಒಂದೇ ಸೂಟ್‌ಕೇಸ್ ಹಿಡಿದು ಇಳಿದರೂ, ಹಿಂದೆ ಹಡಗಿನಲ್ಲಿ ಬರುವ ಸಾಮಾನಿನ ಪಟ್ಟಿಯನ್ನು ಮೊದಲ ದಿನವೇ ತೋರಿಸಬೇಕು.

ಎಲ್ಲ ಕಡೆ ಕೇಳುವುದು ಎರಡೇ ಪ್ರಶ್ನೆ. ಇದು ನಿಮ್ಮದಾ? ಇದನ್ನು ಬಳಸಿದ್ದೀರಾ?

ಈ ಎರಡನೇ ಪ್ರಶ್ನೆಯಲ್ಲೇ ಬಹಳ ಜನ ಸಿಕ್ಕಿಬೀಳುವುದು. ಹೊರಡುವ ತಿಂಗಳಲ್ಲಿ ನಮಗೆಲ್ಲ ಒಂದು ಹುಚ್ಚು ಹಿಡಿಯುತ್ತದೆ. ‘ಅಲ್ಲಿ ದುಬಾರಿ, ಇಲ್ಲೇ ತಗೊಂಡು ಹೋಗೋಣ’ ಅಂತ. ಹೊಸ ಟಿವಿ, ಹೊಸ ಮಿಕ್ಸಿ, ಹೊಸ ಹಾಸಿಗೆ. ಡಬ್ಬಿಯನ್ನೂ ಒಡೆಯುವುದಿಲ್ಲ, ‘ಕಂಪನಿ ಪ್ಯಾಕಿಂಗ್ ಚೆನ್ನಾಗಿರುತ್ತೆ’ ಅಂತ. ಬಳಸಿದ ಸಾಮಾನಿನ ನಡುವೆ ಸೀಲೂ ಒಡೆಯದ ಹೊಸ ಡಬ್ಬಿ! ಅದಕ್ಕೆ ಸುಂಕ ಬೀಳುವುದಿರಲಿ, ಅದೊಂದು ಕಂಡರೆ ಪಕ್ಕದ ಹಳೆಯ ಸಾಮಾನಿನ ಮೇಲೂ ಅನುಮಾನ ಬರುತ್ತದೆ. ಹೊಸದು ತರಲೇಬೇಕಾದರೆ ಪಟ್ಟಿಯಲ್ಲಿ ‘ಹೊಸದು’ ಅಂತಲೇ ಬರೆಯಿರಿ, ರಸೀದಿ ಇಟ್ಟುಕೊಳ್ಳಿ, ಸುಂಕ ಕಟ್ಟಿ. ಹಳೆಯದಕ್ಕೂ ರಸೀದಿ ಇದ್ದರೆ ಎಸೆಯಬೇಡಿ. ನಾವು ಟೇಪ್ ಹಾಕುವ ಮುಂಚೆ ಫೋನಿನಲ್ಲಿ ಒಂದು ಫೋಟೊ ಕೂಡ ತೆಗೆದಿರಲಿಲ್ಲ.

ಮೊದಲ ಪ್ರಶ್ನೆಗೆ ಬಂದರೆ, ಅಲ್ಲಿ ಕಾಟ ಕೊಡುವವರು ನೆಂಟರು. ‘ಹೇಗೂ ನಿಮ್ಮ ಸಾಮಾನು ಹೋಗ್ತಾ ಇದೆ, ನಮ್ಮ ಮಗನಿಗೆ ಇದೊಂದು ಹಾಕ್ಕೊಂಡು ಹೋಗಿ’ ಎನ್ನುತ್ತಾರೆ. ಬೇಡ ಅನ್ನಲು ನಾಲಿಗೆ ಏಳುವುದಿಲ್ಲ. ಆದರೆ ಪಟ್ಟಿಯ ಕೆಳಗೆ ‘ಇದೆಲ್ಲ ನನ್ನದೇ’ ಎಂದು ಸಹಿ ಹಾಕುವುದು ನೀವು. ಅವರಲ್ಲ. ನಿಷ್ಠುರವಾದರೂ ಪರವಾಗಿಲ್ಲ, ಬೇಡ ಅನ್ನಿ. ಮೂರು ತಿಂಗಳು ಮುನಿಸಿಕೊಳ್ಳುತ್ತಾರೆ, ಆಮೇಲೆ ಸರಿಹೋಗುತ್ತಾರೆ.

ಬೆಲೆಯ ಕಾಲಂ ಇನ್ನೊಂದು ತಲೆನೋವು. ವಿಮೆಯವರು ‘ಇದು ಹಾಳಾದರೆ ಹೊಸದಕ್ಕೆ ಎಷ್ಟಾಗುತ್ತದೆ’ ಎಂದು ಕೇಳುತ್ತಾರೆ. ಕಸ್ಟಮ್ಸ್‌ನವರು ‘ಈ ಹಳೆಯದಕ್ಕೆ ಈಗ ಎಷ್ಟು ಬೆಲೆ’ ಎಂದು ಕೇಳುತ್ತಾರೆ. ಒಂದೇ ಮೇಜಿಗೆ ಎರಡು ಅಂಕಿ ಬರುತ್ತದೆ. ಎರಡೂ ಸುಳ್ಳಲ್ಲ, ಪ್ರಶ್ನೆಯೇ ಬೇರೆ. ಎರಡು ಪಟ್ಟಿ ಬೇರೆ ಬೇರೆ ಮಾಡಿ, ಯಾವುದು ಏನೆಂದು ಮೇಲೆ ಬರೆದಿಡಿ. ಇದನ್ನೇ ನೆಪ ಮಾಡಿಕೊಂಡು ಕಸ್ಟಮ್ಸ್‌ಗೆ ಚಿಲ್ಲರೆ ಅಂಕಿ ಬರೆಯುವ ಬುದ್ಧಿವಂತರನ್ನೂ ನೋಡಿದ್ದೇನೆ. ಸಿಕ್ಕಿಬಿದ್ದ ದಿನ ಆ ಬುದ್ಧಿವಂತಿಕೆ ಕೆಲಸಕ್ಕೆ ಬರುವುದಿಲ್ಲ. ಹಾಗೇ, ನೀವೇ ಕಟ್ಟಿದ ಪೆಟ್ಟಿಗೆಗೆ ಪಟ್ಟಿಯಲ್ಲಿ ‘ಮಾಲೀಕರೇ ಕಟ್ಟಿದ್ದು’ ಎಂದು ಗುರುತು ಬೀಳುತ್ತದೆ. ಅದರೊಳಗೆ ಒಡೆದದ್ದಕ್ಕೆ ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ನಮ್ಮ ಅರ್ಧ ಪಿಂಗಾಣಿ ಹೋದದ್ದು ಹೀಗೆ.

ಸುಂಕದ ಮಾತು ಬಿಡಿ. ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಮಣ್ಣು ಮತ್ತು ಮರ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸೈಕಲ್ ಟೈರ್, ಟೆಂಟು, ನಡೆದಾಡಿದ ಬೂಟು, ತೋಟದ ಗುದ್ದಲಿ, ವ್ಯಾಕ್ಯೂಮ್ ಕ್ಲೀನರಿನ ಹೊಟ್ಟೆ, ಇವನ್ನೆಲ್ಲ ಬಗ್ಗಿ ನೋಡುತ್ತಾರೆ. ಬೂಟಿನ ಸಂದಿಯ ಒಂದು ಚಿಟಿಕೆ ಮಣ್ಣಿನಲ್ಲಿ ಅವರ ನೆಲ ಕಾಣದ ಬೀಜವೋ ರೋಗವೋ ಇರಬಹುದು. ಸಾಮಾನು ಕಟ್ಟುವ ಕಟ್ಟಿಗೆಗೂ ಹೀಗೇ. ಹಸಿ ಮರದ ಪೆಟ್ಟಿಗೆಯಲ್ಲಿ ಹುಳ ಕೂತು ದೇಶ ದಾಟಿ ಕಾಡನ್ನೇ ಹಾಳು ಮಾಡಿದ್ದುಂಟು. ಅದಕ್ಕೇ 2002ರಲ್ಲಿ ಅಂತರರಾಷ್ಟ್ರೀಯ ನಿಯಮ ಬಂತು. ಮರದ ತಿರುಳು 56 ಡಿಗ್ರಿ ಬಿಸಿಯಲ್ಲಿ 30 ನಿಮಿಷ ಇರಬೇಕು, ಇಲ್ಲವೇ ಹುಳ ಕೊಲ್ಲುವ ಅನಿಲ ಹಾಯಿಸಿರಬೇಕು. ಆಮೇಲೆ ತೆನೆ ಚಿತ್ರದ ಮುದ್ರೆ. ಪ್ಲೈವುಡ್ಡಿಗೆ ಇದು ಬೇಕಿಲ್ಲ. ಪೀಠೋಪಕರಣಕ್ಕೆ ಯಾರಾದರೂ ಮರದ ಚೌಕಟ್ಟು ಹೊಡೆಯುತ್ತಿದ್ದರೆ ಆ ಮುದ್ರೆ ಇದೆಯಾ ಅಂತ ಕಣ್ಣಾರೆ ನೋಡಿ. ಬೀಟೆ ಮರದ ಸಾಮಾನು ಇದ್ದರಂತೂ ಹೊರಡುವ ಮೊದಲೇ ವಿಚಾರಿಸಿ. 2017ರಿಂದ ಆ ಜಾತಿಯ ಮರಗಳೆಲ್ಲ ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಒಪ್ಪಂದದ ಪಟ್ಟಿಯಲ್ಲಿವೆ.

ಇನ್ನು ಕಂಟೇನರ್. 20 ಅಡಿಯದರ ಒಳಗೆ ಸುಮಾರು 33 ಘನ ಮೀಟರ್ ಜಾಗ. ಹಂಚಿಕೊಂಡ ಕಂಟೇನರ್ ಆದರೆ ಅಗ್ಗ, ಆದರೆ ಪಕ್ಕದವರ ಪೆಟ್ಟಿಗೆ ಸಿಕ್ಕಿಬಿದ್ದರೆ ನೀವೂ ಕಾಯಬೇಕು. (ನಮ್ಮ ಕಂಟೇನರಿನಲ್ಲಿ ಆ ‘ಪಕ್ಕದವರು’ ನಾವೇ ಆಗಿದ್ದೆವು. ಉಳಿದ ಮನೆಯವರು ಎಷ್ಟು ಬೈದುಕೊಂಡರೋ!) ಸಮುದ್ರದಲ್ಲಿ ದರ ಜಾಗಕ್ಕೆ, ವಿಮಾನದಲ್ಲಿ ತೂಕ ಮತ್ತು ಜಾಗ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ. ಹಾಗಾಗಿ ಪುಸ್ತಕ ಹಡಗಿಗೆ. ದಿಂಬನ್ನಂತೂ ಯಾವುದಕ್ಕೂ ಹಾಕಬೇಡಿ.

ಏಜೆಂಟರು ಬಾಯಿಬಿಟ್ಟು ಹೇಳದ ಒಂದು ವಿಷಯ ಇದೆ. ಹಡಗನ್ನೂ ಸರಕನ್ನೂ ಅಪಾಯದಿಂದ ಪಾರು ಮಾಡಲು ದೊಡ್ಡ ಖರ್ಚಾದರೆ, ಅದನ್ನು ಸರಕಿನವರೆಲ್ಲರೂ ಹಂಚಿಕೊಳ್ಳಬೇಕೆಂಬ ಹಳೆಯ ಸಮುದ್ರ ಕಾನೂನು ಇದೆ. ನಿಮ್ಮ ಸೋಫಾ ಕೂಡ ಸರಕೇ. 2021ರ ಮಾರ್ಚ್‌ನಲ್ಲಿ ಸುಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡ ಎವರ್ ಗಿವನ್ ಹಡಗಿನಲ್ಲಿ ಸುಮಾರು 18,300 ಕಂಟೇನರ್ ಇದ್ದವು. ಆರು ದಿನಕ್ಕೆ ಬಿಡಿಸಿದರು, ಆದರೆ ಹಡಗು ಈಜಿಪ್ಟ್ ಬಿಟ್ಟು ಹೊರಟದ್ದು ಜುಲೈನಲ್ಲಿ. ಆಗಲೂ ಹಡಗಿನ ಮಾಲೀಕರು ಈ ಕಾನೂನನ್ನೇ ಹಿಡಿದರು. ವಿಮೆ ಇಲ್ಲದವರು ತಮ್ಮ ಪಾಲಿಗೆ ಠೇವಣಿ ಕಟ್ಟದೆ ಸಾಮಾನು ಬಿಡಿಸಿಕೊಳ್ಳುವುದು ಕಷ್ಟ. ವಿಮೆ ದಂಡ ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಈಗ ಎಲ್ಲ ಬಲ್ಲವಳಂತೆ ಬರೆಯುತ್ತಿದ್ದೇನೆ. ಆವತ್ತು ಪೆನ್ನು ಹಿಡಿದು ಆ ಹುಡುಗನ ಪಕ್ಕದಲ್ಲಿ ಹತ್ತು ನಿಮಿಷ ನಿಂತಿದ್ದರೆ ಸಾಕಿತ್ತು. ಕೊನೆಗೂ 47ನೇ ಪೆಟ್ಟಿಗೆ ಬಂತು, ಸುತ್ತ ಕಸ್ಟಮ್ಸ್‌ನವರ ಟೇಪು ಅಂಟಿಸಿಕೊಂಡು. ಒಳಗೆ ಪರದೆಯ ಕೊಕ್ಕೆಗಳು, ಯಾವ ಯಂತ್ರದ್ದೋ ಗೊತ್ತಿಲ್ಲದ ಮೂರು ರಿಮೋಟ್, ಒಂದು ಡಬ್ಬಿ ಮೊಳೆ. ನನ್ನ ಮಗಳು ಎರಡು ವರ್ಷ ಕೂಡಿಟ್ಟಿದ್ದ ಹಕ್ಕಿ ಗರಿ, ಬೀಜಗಳ ಡಬ್ಬಿ ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಒಂದು ಚೀಟಿ ಇತ್ತು. ‘ನಾಶಪಡಿಸಿದ ವಸ್ತುಗಳು: ಗರಿ 14. ಬೀಜ, ದೊಡ್ಡದು 6, ಸಣ್ಣದು 31. ಒಣಗಿದ ಎಲೆ 9.’ ಯಾರೋ ಕೂತು ಒಂದೊಂದನ್ನೂ ಎಣಿಸಿದ್ದರು. ಮಗಳು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಚೀಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ತನ್ನ ಹೊಸ ಡಬ್ಬಿಯಲ್ಲಿ ಇಟ್ಟುಕೊಂಡಳು.