17 ಹರಳು, ಒಂದು ಪಿನ್ನು

ಹೋದ ಭಾನುವಾರ ಸ್ಮಾರ್ಟ್‌ವಾಚಿನ ಬೆಲ್ಟು ತೊಳೆಯೋಣ ಅಂತ ಬಿಚ್ಚಿದೆ. ಟಣ್ ಅಂತ ಪಿನ್ನು ಹಾರಿತು. ಸೋಫಾ ಕೆಳಗೆ ತೂರಿ ಟಾರ್ಚು ಬಿಟ್ಟೆ. ಒಂದು ಕಡಲೆಬೀಜ, ಮಗಳ ಹೇರ್‌ಕ್ಲಿಪ್ಪು, ಹಳೇ ದೀಪಾವಳಿಯ ಬತ್ತಿ ಸಿಕ್ಕವು. ಪಿನ್ನು ಮಾತ್ರ ಇಲ್ಲ. ಅಷ್ಟರಲ್ಲಿ ಮೇಜಿನ ಮೇಲಿದ್ದ ವಾಚು 'ಎದ್ದು ಓಡಾಡಿ' ಅಂತ ಗುರ್ ಅಂದಿತು. ಆ ಗುರ್‌ಗೆ ಒಳಗೊಂದು ಪುಟ್ಟ ಮೋಟಾರು. ಅದಕ್ಕೆ ಸಾಮಾನ್ಯವಾಗಿ ಟಂಗ್‌ಸ್ಟನ್ ಚೂರು ಕಟ್ಟುತ್ತಾರೆ. ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತೂಕ. ನನ್ನನ್ನು ಬೈಯಲು ಎಷ್ಟೆಲ್ಲ ಏರ್ಪಾಡು!

ವಾಚು ಮಾರಿದ ಹುಡುಗ 'ಸಫೈರ್ ಗ್ಲಾಸು ಸಾರ್' ಅಂದಿದ್ದ. ಸಫೈರ್ ಅಂದರೆ ನೀಲ. ಆಗಲೇ ನನಗೆ ಅಜ್ಜಿ ನೆನಪಾಗಿದ್ದಳು.

ಅಜ್ಜನದು ಎಚ್‌ಎಂಟಿ ಜನತಾ. '17 ಹರಳಿನ ವಾಚು' ಅಂತ ಊರೆಲ್ಲ ಹೇಳಿಕೊಳ್ಳುತ್ತಿದ್ದರು. ಅಜ್ಜಿಗೆ ಅದೇ ಉರಿ. "ಮಗಳಿಗೊಂದು ಕೆಂಪಿನೋಲೆ ಮಾಡಿಸೋಕಾಗಲ್ಲ, ಕೈಗೆ 17 ಹರಳು ಕಟ್ಕೊಂಡು ತಿರುಗ್ತೀರಿ" ಅನ್ನುತ್ತಿದ್ದಳು. ಒಂದು ದಿನ ಅಜ್ಜ ಸ್ನಾನಕ್ಕೆ ಹೋದಾಗ ವಾಚನ್ನು ಸೆರಗಿಗೆ ಗಂಟು ಹಾಕಿಕೊಂಡು ರಿಪೇರಿ ಅಂಗಡಿಗೆ ನಡೆದಳು. "ನಾಲ್ಕು ತೆಗೆದುಕೊಡಪ್ಪ. ಹದಿಮೂರರಲ್ಲೇ ಓಡಲಿ." ರಿಪೇರಿಯವನು ಹಿಂದಿನ ಮುಚ್ಚಳ ಬಿಚ್ಚಿ, ಕೈಗೆ ಮಸೂರ ಕೊಟ್ಟ. ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು. ಚಕ್ರದ ಕಡ್ಡಿ ಸವೆಯದಿರಲಿ ಅಂತ ಕೂರಿಸಿದ್ದು. ಗಣಿಯದಲ್ಲ, ಕುಲುಮೆಯದು. ಬೆಂಕಿಯಲ್ಲಿ ಕೆಂಪು ಹರಳು ಬೆಳೆಸುವ ವಿದ್ಯೆಯನ್ನು ಫ್ರಾನ್ಸಿನ ವರ್ನಾಯ್ 1902ರಲ್ಲೇ ಲೋಕಕ್ಕೆ ತಿಳಿಸಿದ್ದ. ಅಜ್ಜಿಗೆ ಯಾರೂ ತಿಳಿಸಿರಲಿಲ್ಲ. "ಇದನ್ನ ಇರುವೆ ಕಿವಿಗೆ ಹಾಕ್ಬೇಕು" ಅಂದು ಬಂದುಬಿಟ್ಟಳು. ಆಮೇಲೆ ಅಜ್ಜನ ಹತ್ತಿರ ಟೈಮು ಕೇಳಲೇ ಇಲ್ಲ. ಬಿಸಿಲು ನೋಡಿ ಅನ್ನಕ್ಕಿಟ್ಟಳು.

ಈಗ ನನ್ನ ಸಫೈರೂ ಅದೇ ಕುಲ. ಅಲ್ಯೂಮಿನಿಯಂ ಆಕ್ಸೈಡು. ಚೂರು ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣ ಟೈಟಾನಿಯಂ ಸೇರಿದರೆ ನೀಲ, ಏನೂ ಸೇರದಿದ್ದರೆ ಗಾಜಿನ ಹಾಗೆ ತಿಳಿ. ಬಡಗಿಯ ಎಷ್ಟೋ ಉಪ್ಪುಕಾಗದಗಳ ಮೇಲೆ ಇರುವುದೂ ಇದೇ. ಇದನ್ನು ಆ ಹುಡುಗ ಹೇಳಲಿಲ್ಲ, ಹೇಳಿದ್ದರೆ ಚೌಕಾಸಿ ಮಾಡಬಹುದಿತ್ತು.

ಇರಲಿ, ಪಿನ್ನಿನ ವಿಷಯ. ವಾಚು ಕೊಂಡ ಅಂಗಡಿಗೇ ಹೋದೆ. "ಬಿಡಿ ಪಿನ್ನು ಬರಲ್ಲ ಸಾರ್, ಪೂರ್ತಿ ಬೆಲ್ಟೇ ತಗೋಬೇಕು." ಒಂದು ಸ್ಟೀಲ್ ಕೊಳವೆ, ಒಳಗೆ ಒಂದು ಸ್ಪ್ರಿಂಗು. ಅಷ್ಟಕ್ಕೆ ಸಾವಿರದ ಇನ್ನೂರು! ಮೈಯೆಲ್ಲ ಉರಿದುಹೋಯಿತು. ಹಠಕ್ಕೆ ಬಿದ್ದು ಹೆಂಡತಿಯ ಸೀರೆ ಪಿನ್ನು ಸಿಕ್ಕಿಸಿಕೊಂಡಿದ್ದೇನೆ. ರಾತ್ರಿ ಹೊರಳಿದಾಗಲೆಲ್ಲ ಚುಚ್ಚುತ್ತದೆ. ಬೆಳಿಗ್ಗೆ ಎದ್ದರೆ, ನಿಮಗೆ ನಿದ್ದೆ ಸಾಲದು ಅಂತ ವಾಚೇ ದೂರುತ್ತದೆ.